ಹಿಮದಲ್ಲಿ ಆಡುವ ಪುಟ್ಟ ಮಕ್ಕಳಿಗೆ ತೊಡಿಸಿದ್ದು: ಕೊಂಡ ಬೂಟು, ಬಾಡಿಗೆಯ ಸೂಟು

ತುಮಕೂರಿನಿಂದ ಪುಟ್ಟ ಮಕ್ಕಳನ್ನು ಕರೆದುಕೊಂಡು ಹಿಮ ನೋಡಲು ಮನಾಲಿಗೆ ಹೊರಡುವ ಪರಿಚಯದವರು ಹೋಟೆಲು ಯಾವುದು, ಗಾಡಿ ಯಾವುದು, ಊಟಕ್ಕೆ ಏನು ಸಿಗುತ್ತದೆ ಎಂದು ವಿಚಾರಿಸುತ್ತಾರೆಯೇ ಹೊರತು ಮಗುವಿನ ಕಾಲಿಗೆ ಏನು ಹಾಕುವುದು ಎಂದು ಕೇಳುವವರು ವಿರಳ. ಆದರೆ ಮಗು ಹಿಮದ ಮೇಲೆ ಎರಡು ಗಂಟೆ ನಗುನಗುತ್ತಾ ಆಡುತ್ತದೆಯೋ, ಕಾಲು ಗಂಟೆಯಲ್ಲೇ ಅಳುತ್ತಾ ಕಾರಿಗೆ ಮರಳುತ್ತದೆಯೋ ಎಂಬುದನ್ನು ತೀರ್ಮಾನಿಸುವುದು ಆ ಒಂದು ಪ್ರಶ್ನೆಯೇ. ಫೆಬ್ರವರಿಯಲ್ಲಿ ಐದು ವರ್ಷದ ಮಗಳನ್ನೂ ಎರಡೂವರೆ ವರ್ಷದ ಮಗನನ್ನೂ ಕರೆದುಕೊಂಡು ನಾವು ಸೋಲಂಗ್ ಕಣಿವೆಗೆ ಹೋಗಿದ್ದಾಗ ಅವರಿಗೆ ತೊಡಿಸಿದ್ದ ಉಡುಪುಗಳಲ್ಲಿ ಕೆಲವನ್ನು ತುಮಕೂರಿನಲ್ಲಿ, ಕೆಲವನ್ನು ಬೆಂಗಳೂರಿನಲ್ಲಿ ಕೊಂಡಿದ್ದೆವು. ಎಲ್ಲದರ ಮೇಲೆ ತೊಡುವ ಹಿಮದ ಸೂಟನ್ನು ಮಾತ್ರ ಮನಾಲಿಯಿಂದ ಸೋಲಂಗಿಗೆ ಹೋಗುವ ದಾರಿಯಲ್ಲಿ ಬಾಡಿಗೆಗೆ ಪಡೆದೆವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೈಗೆ, ಕಾಲಿಗೆ, ಮೈಗೆ ತಾಗಿಕೊಂಡಿರುವುದನ್ನು ಊರಿನಿಂದಲೇ ಕೊಂಡು ಒಯ್ಯಬೇಕು, ಹೊರಗಿನ ಸೂಟನ್ನು ನೋಡಿ ಆರಿಸುವ ತಾಳ್ಮೆಯಿದ್ದರೆ ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳಬಹುದು.

ತುಮಕೂರಿನ ಚಳಿ ಎಂದರೆ ಜನವರಿಯ ನಸುಕಿನಲ್ಲಿ ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿಯುವ ಚಳಿ. ದೇವರಾಯನದುರ್ಗದ ಬೆಟ್ಟದ ಮೇಲೆ ಬೆಳಗಿನ ಗಾಳಿಗೆ ಒಂದು ಸ್ವೆಟರು, ಒಂದು ಮಂಕಿ ಕ್ಯಾಪು ಸಾಕು. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೂ ಅದಕ್ಕಿಂತ ಹೆಚ್ಚೇನೂ ಬೇಕಾಗುವುದಿಲ್ಲ. ಇದೇ ಲೆಕ್ಕದಲ್ಲಿ ಸೋಲಂಗಿಗೆ ಇನ್ನೊಂದು ಸ್ವೆಟರು ಸೇರಿಸಿದರಾಯಿತು ಎಂದು ಹೊರಟರೆ ಮಕ್ಕಳು ಕಷ್ಟಪಡುತ್ತಾರೆ. ಸೋಲಂಗ್ ಸುಮಾರು 2,500 ಮೀಟರ್ ಎತ್ತರದಲ್ಲಿದೆ. ಹಿಮ ಬಿದ್ದ ಮರುದಿನ ಹಗಲಿನಲ್ಲೂ ಉಷ್ಣಾಂಶ ಸೊನ್ನೆಯ ಆಚೀಚೆಯೇ ಇರುತ್ತದೆ. ಆದರೂ ಅಲ್ಲಿ ಮಗುವನ್ನು ಹೆಚ್ಚು ಕಾಡುವುದು ಗಾಳಿಯ ತಂಪಲ್ಲ, ಒದ್ದೆ. ದೊಡ್ಡವರು ಹಿಮದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮಕ್ಕಳು ಕೂರುತ್ತಾರೆ, ಮೊಣಕಾಲೂರುತ್ತಾರೆ, ಹೊರಳುತ್ತಾರೆ, ಬೊಗಸೆಯಲ್ಲಿ ಬಾಚಿ ಬಾಯಿಗೂ ಹಾಕಿಕೊಳ್ಳುತ್ತಾರೆ. ಮೈಯ ಬಿಸಿಗೆ ಕರಗಿದ ಹಿಮ ನೀರಾಗಿ ಬಟ್ಟೆಯೊಳಕ್ಕೆ ಇಳಿಯುತ್ತದೆ, ಮತ್ತು ಒದ್ದೆಯಾದ ಬಟ್ಟೆ ಒಣಬಟ್ಟೆಗಿಂತ ಬಹಳ ಬೇಗ ಮೈಯ ಶಾಖವನ್ನು ಹೊರಗೆಳೆಯುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಮೈಯ ಮೇಲ್ಮೈ ದೊಡ್ಡವರಿಗಿಂತ ಹೆಚ್ಚಾಗಿರುವುದರಿಂದ ಅವರು ನಮಗಿಂತ ಬೇಗ ತಣ್ಣಗಾಗುತ್ತಾರೆ, ಆಟದ ಖುಷಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಹೀಗಾಗಿ ಪ್ರತಿಯೊಂದು ಉಡುಪನ್ನೂ ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ: ಇದು ಮಗುವಿನ ಮೈ ಒದ್ದೆಯಾಗದಂತೆ ಎಷ್ಟು ಹೊತ್ತು ಕಾಪಾಡಿತು?

ಮೈಗೆ ಅಂಟಿಕೊಳ್ಳುವ ಒಳಪದರದಿಂದ ಶುರುಮಾಡುತ್ತೇನೆ. ತುಮಕೂರಿನ ಬಟ್ಟೆ ಅಂಗಡಿಗಳಲ್ಲಿ ಚಳಿಗಾಲ ಬಂತೆಂದರೆ ಮಕ್ಕಳ ಥರ್ಮಲ್ ಜೊತೆಗಳನ್ನು ಎದುರಿಗೇ ತೂಗುಹಾಕಿರುತ್ತಾರೆ. ಅವುಗಳಲ್ಲಿ ಹಲವು ಮುಟ್ಟಿದರೆ ಮೃದುವಾಗಿ, ಬೆಚ್ಚಗೆ ಅನ್ನಿಸಿದರೂ ಒಳಗಿನ ಚೀಟಿಯನ್ನು ತಿರುಗಿಸಿ ಓದಿದರೆ ಹತ್ತಿಯ ಪಾಲೇ ಹೆಚ್ಚಾಗಿರುತ್ತದೆ. ಹತ್ತಿ ಬೆವರನ್ನೂ ನೀರನ್ನೂ ಹೀರಿಕೊಂಡು ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮೂರಿನ ಬೆಳಗಿನ ಚಳಿಗೆ ಅದು ಚೆನ್ನಾಗಿಯೇ ಒದಗುತ್ತದೆ, ಹಿಮದಲ್ಲಿ ಓಡಿ ಬೆವೆತ ಮಗುವಿಗೆ ಒದಗುವುದಿಲ್ಲ. ನಾವು ಹುಡುಕಿ ಕೊಂಡದ್ದು ಪಾಲಿಯೆಸ್ಟರ್ ನೂಲಿನ, ತೆಳುವಾದ, ಮೈಗೆ ಬಿಗಿಯಾಗಿ ಕೂರುವ ಜೊತೆಗಳನ್ನು. ನೋಡಲು ಅವು ಹಗುರ, ಇಷ್ಟರಿಂದ ಏನಾದೀತು ಎಂದು ಮನೆಯಲ್ಲಿ ಹಿರಿಯರು ಅನುಮಾನಪಟ್ಟದ್ದೂ ಉಂಟು. ಆದರೆ ಸಂಜೆ ಸೂಟು ಬಿಚ್ಚಿದಾಗ ಇಬ್ಬರ ಬೆನ್ನೂ ಒಣಗಿಯೇ ಇತ್ತು. ತೊಳೆದು ಹೋಟೆಲಿನ ಕೋಣೆಯಲ್ಲಿ ಹರವಿದರೆ ಬೆಳಗಿನ ಹೊತ್ತಿಗೆ ಮತ್ತೆ ತೊಡಿಸಲು ಸಿದ್ಧವಾಗಿರುತ್ತಿತ್ತು.

ಅದರ ಮೇಲಿನ ಪದರಕ್ಕೆ ಅಜ್ಜಿ ಹೆಣೆದ ಉಣ್ಣೆಯ ಸ್ವೆಟರು ಮಗಳಿಗೆ, ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆಯಾದ ಫ್ಲೀಸಿನ ಜಾಕೆಟ್ಟು ಮಗನಿಗೆ. ಎರಡೂ ಸರಿಸಮನಾಗಿ ಕೆಲಸಮಾಡಿದವು, ಆದರೂ ನನ್ನ ಒಲವು ಉಣ್ಣೆಯ ಕಡೆಗೇ ಹೆಚ್ಚು. ಸ್ವಲ್ಪ ಒದ್ದೆಯಾದರೂ ಉಣ್ಣೆ ತನ್ನ ಬೆಚ್ಚಗಿನ ಗುಣವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ ಎಂಬುದನ್ನು ನಮ್ಮ ಬಯಲುಸೀಮೆಯ ಕುರಿಗಾಹಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಡಿಮಳೆಯಲ್ಲಿ ಕುರಿಕಂಬಳಿಯ ಕೊಪ್ಪೆ ಹಾಕಿಕೊಂಡು ಇಡೀ ದಿನ ಹೊಲದಲ್ಲಿ ನಿಂತವರನ್ನು ಶಿರಾ, ಚಳ್ಳಕೆರೆ ಕಡೆಯವರೆಲ್ಲ ನೋಡಿದ್ದಾರೆ. ಗಮನದಲ್ಲಿಡಬೇಕಾದ ಮಾತೊಂದೇ: ಸ್ವೆಟರು ದಪ್ಪನಾಗಿದ್ದು ತೋಳು ಬಿಗಿಯಾದರೆ ಮಗು ಕೈ ಮಡಚಲಾರದು. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಮೇಲು, ಏಕೆಂದರೆ ಅವುಗಳ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುತ್ತದೆ, ಬಿಸಿಲೇರಿದಾಗ ಒಂದನ್ನು ತೆಗೆದುಹಾಕಲೂಬಹುದು.

ಇನ್ನು ಬೂಟು. ಇಡೀ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು ಯಾವುದು ಎಂದು ಕೇಳಿದರೆ ನಾನು ಬೂಟಿನ ಕಡೆಗೇ ಕೈತೋರಿಸುತ್ತೇನೆ. ಬೆಂಗಳೂರಿನ ಡೆಕಾಥ್ಲಾನ್ ಮಳಿಗೆಯಲ್ಲಿ ಕ್ವೆಚುವಾ ಹೆಸರಿನ, ವೆಲ್ಕ್ರೋ ಪಟ್ಟಿಯಿರುವ ಮಕ್ಕಳ ಹಿಮದ ಬೂಟುಗಳನ್ನು ಇಬ್ಬರಿಗೂ ಕೊಂಡೆವು. ನೀರು ಒಳಗಿಳಿಯದಂತೆ ಮಾಡಿದ ಹೊರಮೈ, ಒಳಗೆ ಬೆಚ್ಚನೆಯ ಅಸ್ತರಿ, ಆಳವಾದ ಗೀರುಗಳಿರುವ ಅಟ್ಟೆ, ಕಣಕಾಲಿನ ಮೇಲಿನವರೆಗೂ ಏರುವ ಕುತ್ತಿಗೆ. ಲೇಸು ಇಲ್ಲದಿರುವುದು ಚಿಕ್ಕ ಸಂಗತಿ ಎನ್ನಿಸಬಹುದು; ಆದರೆ ಗವಸು ಹಾಕಿದ ಕೈಯಿಂದ, ಅಲ್ಲಾಡುವ ಮಗುವಿನ ಕಾಲಿಗೆ, ಕಾರಿನ ಬಾಗಿಲಿನಲ್ಲಿ ಬಗ್ಗಿ ನಿಂತು ಬೂಟು ಹಾಕುವಾಗ ಆ ಒಂದು ಪಟ್ಟಿಯ ಬೆಲೆ ತಿಳಿಯುತ್ತದೆ. ಮಗಳು ತಾನೇ ಹಾಕಿಕೊಂಡು ತಾನೇ ಬಿಚ್ಚುತ್ತಿದ್ದಳು.

ಅಳತೆಯ ವಿಷಯದಲ್ಲಿ ಎಚ್ಚರ ಬೇಕು. ಮಗುವಿನ ಬೆರಳಿನ ಮುಂದೆ ದೊಡ್ಡವರ ಒಂದು ಬೆರಳಿನಗಲದಷ್ಟು ಜಾಗ ಉಳಿಯಬೇಕು. ಬೂಟು ಬಿಗಿಯಾದರೆ ರಕ್ತ ಸರಾಗವಾಗಿ ಹರಿಯದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಚಳಿ ಹೆಚ್ಚೆಂದು ಎರಡು ಜೊತೆ ಕಾಲುಚೀಲ ತುರುಕಿದರೆ ಆಗುವುದೂ ಇದೇ. ಉಣ್ಣೆ ಬೆರೆತ ಒಂದೇ ಉದ್ದನೆಯ ಕಾಲುಚೀಲ ಸಾಕು, ಆದರೆ ಜೇಬಿನಲ್ಲಿ ಇನ್ನೊಂದು ಒಣ ಜೊತೆ ಇರಲೇಬೇಕು. ಅಂಗಡಿಯಲ್ಲಿ ಬೂಟು ಹಾಕಿಸಿ ನೋಡುವಾಗಲೂ ಅದೇ ಕಾಲುಚೀಲವನ್ನು ತೊಡಿಸಿಯೇ ನೋಡಬೇಕು.

ನಮ್ಮ ಜೊತೆಗಿದ್ದ ತಿಪಟೂರಿನ ಸ್ನೇಹಿತರ ಮಗ ಬಾಡಿಗೆಯ ಗಮ್‌ಬೂಟಿನಲ್ಲಿ ಇಳಿದಿದ್ದ. ಕಪ್ಪು ರಬ್ಬರಿನ ಅವು ನೀರನ್ನು ತಡೆಯುತ್ತವೆ ನಿಜ, ಆದರೆ ಒಳಗೆ ಅಸ್ತರಿ ಇಲ್ಲ; ತಣ್ಣನೆಯ ರಬ್ಬರು ನೇರವಾಗಿ ಕಾಲುಚೀಲಕ್ಕೆ ತಾಗುತ್ತದೆ. ಅಗಲವಾದ ಬಾಯಿಯಿಂದ ಪ್ರತಿ ಹೆಜ್ಜೆಗೂ ಹಿಮ ಒಳಗೆ ಬೀಳುತ್ತಿತ್ತು. ಅರ್ಧ ಗಂಟೆಯೊಳಗೆ ಆ ಹುಡುಗ ಆಟ ಬಿಟ್ಟು ತಾಯಿಯ ಹತ್ತಿರ ಬಂದು ಕಾಲು ಚಾಚಿ ಕುಳಿತ. ಬೂಟು ಕಳಚಿದಾಗ ಕಾಲುಚೀಲ ಹಿಂಡಿದರೆ ನೀರು ಸುರಿಯುವಂತಿತ್ತು, ಬೆರಳುಗಳು ಬೆಳ್ಳಗೆ ಬಿಳಿಚಿಕೊಂಡಿದ್ದವು. ಅಂಥ ಹೊತ್ತಿನಲ್ಲಿ ಹಿಮದಿಂದಲೋ ಅಂಗೈಯಿಂದಲೋ ಗಸಗಸ ಉಜ್ಜಬಾರದು. ಒದ್ದೆ ತೆಗೆದು, ದೊಡ್ಡವರ ಕಂಕುಳಲ್ಲೋ ಹೊಟ್ಟೆಗೆ ಒತ್ತಿಯೋ ಮೈಯ ಬಿಸಿಯಲ್ಲೇ ನಿಧಾನವಾಗಿ ಬೆಚ್ಚಗಾಗಿಸಬೇಕು. ನಮ್ಮ ಮಗಳಿಗೆಂದು ಇಟ್ಟುಕೊಂಡಿದ್ದ ಒಣ ಕಾಲುಚೀಲ ಆ ದಿನ ಅವನಿಗೆ ಒದಗಿತು. ಬಣ್ಣ ಮರಳಿದ ಮೇಲೂ ಅವನು ಮತ್ತೆ ಹಿಮಕ್ಕೆ ಇಳಿಯಲು ಒಪ್ಪಲಿಲ್ಲ, ಕಾರಿನ ಗಾಜಿನಿಂದ ನಮ್ಮ ಮಕ್ಕಳ ಆಟವನ್ನು ನೋಡುತ್ತಾ ಕುಳಿತಿದ್ದ. ಅಷ್ಟು ದೂರದಿಂದ ಬಂದ ಮಗುವಿನ ಆಟ ಒಂದು ಜೊತೆ ಬೂಟಿನಿಂದಾಗಿ ಮುಗಿದುಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಕೈಗವಸಿನ ಕಥೆಯೂ ಬಹುಮಟ್ಟಿಗೆ ಇದೇ. ನಮ್ಮ ಪೇಟೆಗಳಲ್ಲಿ ಸಿಗುವ ಹೆಣಿಗೆಯ ಗವಸುಗಳು ಹಿಮವನ್ನು ಮುಟ್ಟಿದ ಕೂಡಲೇ ಅದನ್ನು ಎಳೆಎಳೆಗೂ ಅಂಟಿಸಿಕೊಳ್ಳುತ್ತವೆ. ಹತ್ತು ನಿಮಿಷದಲ್ಲಿ ಆ ಮುತ್ತಿನಂಥ ಗಂಟುಗಳು ಕರಗಿ ಗವಸು ಒದ್ದೆಯಾಗುತ್ತದೆ. ಪುಟ್ಟ ಮಕ್ಕಳಿಗೆ ಬೇಕಾದದ್ದು ಹೆಬ್ಬೆರಳಿಗೆ ಮಾತ್ರ ಬೇರೆ ಜಾಗವಿದ್ದು ಉಳಿದ ನಾಲ್ಕು ಬೆರಳುಗಳು ಒಂದೇ ಚೀಲದಲ್ಲಿ ಕೂರುವ ಮಿಟನ್. ಬೆರಳುಗಳು ಒಂದನ್ನೊಂದು ತಾಗಿಕೊಂಡು ಪರಸ್ಪರ ಬೆಚ್ಚಗಿರುತ್ತವೆ, ತೊಡಿಸುವುದೂ ಸುಲಭ. ಎರಡೂವರೆ ವರ್ಷದ ಮಗುವಿನ ಐದು ಬೆರಳನ್ನು ಐದು ತೂತುಗಳಿಗೆ ಹೊಂದಿಸುವಷ್ಟರಲ್ಲಿ ಮಗುವಿಗೂ ನಮಗೂ ಸಾಕಾಗಿರುತ್ತದೆ.

ನಾವು ಕೊಂಡ ಮಿಟನ್‌ಗಳ ಗುಣವೆಲ್ಲ ಇದ್ದದ್ದು ಮಣಿಕಟ್ಟಿನಲ್ಲಿ. ಮುಂಗೈಯ ಅರ್ಧದವರೆಗೆ ಬರುವ ಉದ್ದನೆಯ ತೋಳು, ಅದರ ಅಂಚಿನಲ್ಲಿ ಎಳೆದು ಬಿಗಿಮಾಡುವ ಎಲಾಸ್ಟಿಕ್ ದಾರ, ಮಣಿಕಟ್ಟಿಗೆ ಒಂದು ವೆಲ್ಕ್ರೋ. ಸ್ವೆಟರಿನ ತೋಳನ್ನು ಮಿಟನ್ನಿನೊಳಗೆ ಸೇರಿಸಿ, ಅದರ ಮೇಲೆ ಸೂಟಿನ ತೋಳನ್ನು ಇಳಿಬಿಟ್ಟು ದಾರ ಎಳೆದರೆ ಹಿಮ ನುಗ್ಗಲು ದಾರಿಯೇ ಇರುವುದಿಲ್ಲ. ಮಗಳು ಮೊಣಕೈವರೆಗೂ ಕೈ ಹೂತು ಗುಂಡಿ ತೋಡಿ, ಅದರೊಳಗೆ ಪೈನ್ ಮರದ ಕಾಯಿಗಳನ್ನು ಬಚ್ಚಿಟ್ಟು, ಮತ್ತೆ ಮುಚ್ಚಿ, ತಮ್ಮನಿಗೆ ಹುಡುಕಲು ಹೇಳುವ ಆಟವನ್ನು ತಾನೇ ಕಟ್ಟಿಕೊಂಡಳು. ಆ ಆಟ ಮುಗಿಯುವವರೆಗೂ ಅವಳ ಬೆರಳು ಬೆಚ್ಚಗೆ, ಗುಲಾಬಿ ಬಣ್ಣದಲ್ಲೇ ಇದ್ದವು. ಹೊರಡುವ ಮೊದಲು ತಾಯಿ ಎರಡೂ ಮಿಟನ್‌ಗಳನ್ನು ಒಂದು ಉದ್ದನೆಯ ನಾಡಾದಿಂದ ಜೋಡಿಸಿ, ನಾಡಾವನ್ನು ಸೂಟಿನ ಒಂದು ತೋಳಿನಿಂದ ಇನ್ನೊಂದು ತೋಳಿಗೆ ಹಾಯಿಸಿದ್ದಳು. ಮಗ ಎಷ್ಟೇ ಬಾರಿ ಕಿತ್ತೆಸೆದರೂ ಅವು ಅಲ್ಲಿಯೇ ತೂಗಾಡುತ್ತಿದ್ದವು. ಹಣ ಕೊಟ್ಟು ಕೊಂಡ ಯಾವ ವಸ್ತುವಿಗೂ ಕಡಿಮೆಯಿಲ್ಲದಷ್ಟು ಉಪಯೋಗ ಆ ನಾಡಾದಿಂದ ಆಯಿತು. ಆದರೆ ಅದನ್ನು ಕುತ್ತಿಗೆಗೆ ಹಾಕದೆ ಬೆನ್ನಿನ ಹಿಂದೆ, ಉಡುಪಿನ ಒಳಗಿನಿಂದಲೇ ಹಾಯಿಸಬೇಕು.

ಈಗ ಬಾಡಿಗೆಯ ಸೂಟಿನ ವಿಚಾರ. ಮನಾಲಿಯಿಂದ ಮೇಲೆ ಹೋಗುವ ರಸ್ತೆಯ ಬದಿಯಲ್ಲಿ ನಂಬರು ಬರೆದುಕೊಂಡ ಬಾಡಿಗೆ ಅಂಗಡಿಗಳು ಸಾಲಾಗಿವೆ. ಚಾಲಕರು ತಮಗೆ ಗೊತ್ತಿರುವ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸುತ್ತಾರೆ. ನಮಗೆ ಬೇಡವೆಂದರೆ ಮುಂದಿನದಕ್ಕೆ ಹೋಗಲು ಹೇಳುವ ಹಕ್ಕು ನಮಗಿದೆ. ನಾವು ಮೊದಲು ಇಳಿದ ಅಂಗಡಿಯಲ್ಲಿ ಮಗನಿಗೆಂದು ತೆಗೆದುಕೊಟ್ಟ ಸೂಟಿನ ಒಳಭಾಗಕ್ಕೆ ಕೈಹಾಕಿದರೆ ತಣ್ಣಗೆ ತೇವವಾಗಿತ್ತು. ಹಿಂದಿನ ದಿನ ಯಾವುದೋ ಮಗು ತೊಟ್ಟು ಬಿಚ್ಚಿದ್ದನ್ನು ಒಣಗಿಸದೆ ಮಡಚಿ ಇಟ್ಟಿದ್ದರು. ಬೇರೆ ಕೊಡಿ ಎಂದರೆ ಇದ್ದುದರಲ್ಲಿ ಇದೇ ಒಳ್ಳೆಯದು ಎಂಬ ಉತ್ತರ ಬಂತು. ಹಿಮಕ್ಕೆ ಇಳಿಯುವ ಮೊದಲೇ ಮಗುವಿಗೆ ಒದ್ದೆ ಉಡುಪು ತೊಡಿಸಿ ಕಳಿಸುವುದು ವ್ಯಾಪಾರದ ಮಾತಾಗಿ ನೋಡಿದರೂ ಸರಿಯಲ್ಲ. ಅಲ್ಲಿಂದ ಎದ್ದು ಬಂದು, ಸ್ವಲ್ಪ ಮುಂದೆ, ಒಲೆಯ ಪಕ್ಕದಲ್ಲಿ ಹಗ್ಗ ಕಟ್ಟಿ ಸೂಟುಗಳನ್ನು ತಲೆಕೆಳಗಾಗಿ ತೂಗುಹಾಕಿದ್ದ ಮಹಿಳೆಯೊಬ್ಬರ ಅಂಗಡಿಗೆ ಹೋದೆವು. ಮಕ್ಕಳ ಸೂಟಿಗೆ ಮುನ್ನೂರು ರೂಪಾಯಿ ಹೇಳಿ ಇನ್ನೂರೈವತ್ತಕ್ಕೆ ಒಪ್ಪಿದರು. ಅಷ್ಟಕ್ಕೇ ಸುಮ್ಮನಾಗದೆ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾವೇ ಜಿಪ್ಪು ಎಳೆದು, ಕಾಲಿನ ಅಂಚನ್ನು ಬೂಟಿನ ಮೇಲೆ ಇಳಿಸಿ, ಪಟ್ಟಿ ಕಟ್ಟಿದರು.

ಬಾಡಿಗೆ ಸೂಟನ್ನು ಆರಿಸುವಾಗ ಬಣ್ಣ ನೋಡುವ ಮೊದಲು ಕುಳಿತುಕೊಳ್ಳುವ ಭಾಗದ ಮತ್ತು ಮೊಣಕಾಲಿನ ಹೊಲಿಗೆ ನೋಡಬೇಕು. ನೀರು ಒಳಗಿಳಿಯುವುದು ಅಲ್ಲಿಂದಲೇ. ಜಿಪ್ಪನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು ಪರೀಕ್ಷಿಸಬೇಕು. ಮೇಲಂಗಿ, ಪ್ಯಾಂಟು ಬೇರೆ ಬೇರೆ ಇರುವುದಕ್ಕಿಂತ ಒಂದೇ ಆಗಿ ಹೊಲಿದದ್ದು ಚಿಕ್ಕವರಿಗೆ ವಾಸಿ, ಏಕೆಂದರೆ ಜಾರಿ ಬಿದ್ದಾಗ ಸೊಂಟದಿಂದ ಹಿಮ ನುಗ್ಗುವುದಿಲ್ಲ. ಆದರೆ ಮೂತ್ರಕ್ಕೆ ಹೋಗಬೇಕೆಂದಾಗ ಪೂರ್ತಿ ಬಿಚ್ಚಬೇಕಾಗುತ್ತದೆ ಎಂಬ ತೊಂದರೆಯೂ ಇದೆ. ತೊಡಿಸುವ ಮೊದಲೇ ಆ ಕೆಲಸ ಮುಗಿಸಿಕೊಳ್ಳಬೇಕು, ಇನ್ನೂ ಅಭ್ಯಾಸವಾಗದ ಮಗುವಿಗೆ ಡೈಪರ್ ಹಾಕಿಬಿಡುವುದು ಉತ್ತಮ. ಮಗಳಿಗೆ ಸಿಕ್ಕಿದ ಸೂಟು ಅಳತೆಗೆ ಸರಿಯಾಗಿತ್ತು. ಮಗನದು ದೊಡ್ಡದಾಗಿ, ಮೊದಲ ಕೆಲವು ನಿಮಿಷ ಅವನು ಕೈ ಅಗಲಿಸಿಕೊಂಡು ಹೊಲದ ಬೆದರುಬೊಂಬೆಯ ಹಾಗೆ ನಿಂತಲ್ಲಿಯೇ ನಿಂತಿದ್ದ. ತೋಳನ್ನೂ ಕಾಲನ್ನೂ ಮಡಚಿ ರಬ್ಬರ್ ಬ್ಯಾಂಡ್ ಹಾಕಿದ ಮೇಲೆ ನಡೆಯತೊಡಗಿದ. ಮಧ್ಯಾಹ್ನದ ಹೊತ್ತಿಗೆ ಅವನ ಸೂಟಿನ ಕುಳಿತುಕೊಳ್ಳುವ ಭಾಗ ತೇವವಾಗಿತ್ತು, ಒಳಗಿನ ಥರ್ಮಲ್ ಮಾತ್ರ ಒಣಗಿತ್ತು. ಒಂದೆರಡು ಗಂಟೆಯ ಆಟಕ್ಕೆ ಇದು ಸಾಕು. ದಿನವೂ ಹಿಮದಲ್ಲೇ ಇರುವ ಯೋಜನೆಯಿದ್ದವರು ಮಾತ್ರ ಹೊಸ ಸೂಟು ಕೊಳ್ಳುವುದು ಒಳ್ಳೆಯದು. ಕೊಳ್ಳುವಾಗ ಚೀಟಿಯ ಮೇಲೆ 3,000 ಅಥವಾ 5,000 ಮಿಲಿಮೀಟರ್ ಎಂದು ಬರೆದಿರುವುದನ್ನು ಗಮನಿಸಬೇಕು. ಅಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆದುಕೊಳ್ಳುತ್ತದೆ ಎಂದು ಅದರ ಅರ್ಥ. ಹಿಮದಲ್ಲಿ ಕೂತು ಆಡುವ ಮಗುವಿಗೆ 5,000 ಇದ್ದರೆ ನಿಶ್ಚಿಂತೆ.

ಟೋಪಿ ಕಿವಿ ಮುಚ್ಚುವಂತಿದ್ದರೆ ಸಾಕು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುತ್ತಿಗೆಗೆ ಉದ್ದನೆಯ ಮಫ್ಲರ್ ಬೇಡ. ಜಾರುವಾಗ, ಓಡುವಾಗ ಎಲ್ಲಿಗಾದರೂ ಸಿಕ್ಕಿಕೊಳ್ಳುತ್ತದೆ. ತಲೆಯಿಂದ ಇಳಿಸಿ ಹಾಕುವ ಬಟ್ಟೆಯ ಬಳೆ ಸಿಗುತ್ತದೆ, ಅದನ್ನೇ ಹಾಕಿದೆವು. ನಮ್ಮ ಕಡೆಯವರು ಗಮನಿಸದಿರುವುದು ಬಿಸಿಲನ್ನು. ಚಳಿಯಿರುವ ಜಾಗದಲ್ಲಿ ಬಿಸಿಲಿಗೇಕೆ ಹೆದರಬೇಕು ಎನ್ನಿಸುವುದು ಸಹಜ. ಆದರೆ ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ಶೇ 80ರಷ್ಟನ್ನು ಮತ್ತೆ ಮೇಲಕ್ಕೆ ಪ್ರತಿಫಲಿಸಬಲ್ಲದು, ಮತ್ತು ಎತ್ತರಕ್ಕೆ ಹೋದಂತೆ ಆ ಕಿರಣಗಳ ತೀವ್ರತೆಯೂ ಏರುತ್ತದೆ. ಕೆಳಗಿನಿಂದಲೂ ಬಿಸಿಲು ಬರುವ ಜಾಗ ಅದು. ಆದ್ದರಿಂದ ಸನ್‌ಸ್ಕ್ರೀನನ್ನು ಕೆನ್ನೆಗೆ ಮಾತ್ರವಲ್ಲದೆ ಗಲ್ಲದ ಕೆಳಗೆ, ಮೂಗಿನ ಅಡಿಗೂ ಹಚ್ಚಬೇಕು, ಕಣ್ಣಿಗೆ ಆ ಅತಿನೇರಳೆ (ಯುವಿ) ಕಿರಣಗಳನ್ನು ತಡೆಯುವ ಕನ್ನಡಕ ಹಾಕಬೇಕು. ಜಾತ್ರೆಯಲ್ಲಿ ಸಿಗುವ ಬಣ್ಣದ ಪ್ಲಾಸ್ಟಿಕ್ ಕನ್ನಡಕ ಇದಕ್ಕೆ ಒದಗದು. ತುಮಕೂರಿನ ಕನ್ನಡಕದ ಅಂಗಡಿಯಲ್ಲಿ ಮಕ್ಕಳ ಅಳತೆಯದನ್ನು, ಹಿಂದಕ್ಕೆ ಎಲಾಸ್ಟಿಕ್ ಪಟ್ಟಿ ಹಾಕಿಸಿ ತಂದಿದ್ದೆವು. ಮಗಳು ಅದನ್ನು ಸಂತೋಷದಿಂದ ಹಾಕಿಕೊಂಡಳು, ಮಗನಿಗೆ ಟೋಪಿಯ ಅಂಚನ್ನು ಮುಂದಕ್ಕೆ ಎಳೆದು ಬಿಸಿಲಿಗೆ ಬೆನ್ನು ಮಾಡಿ ಆಡಿಸಬೇಕಾಯಿತು.

ಈ ಎಲ್ಲ ಉಡುಪಿನ ನಿಜವಾದ ಪರೀಕ್ಷೆ ನಡೆದದ್ದು ಆಟದಲ್ಲಿ. ಮಣ್ಣಿನಲ್ಲಿ ಆಡಲೆಂದು ಮನೆಯಲ್ಲಿದ್ದ ಪ್ಲಾಸ್ಟಿಕ್ ಬಕೀಟು, ಪುಟ್ಟ ಸಲಿಕೆಗಳನ್ನು ಒಯ್ದಿದ್ದೆವು. ಅಲ್ಲಿ ಹಣ ಕೊಟ್ಟು ಆಡಿಸುವ ಹಿಮದ ಸ್ಕೂಟರು, ಟ್ಯೂಬಿನ ಜಾರಾಟ, ರೋಪ್‌ವೇ ಎಲ್ಲ ಇವೆ. ಆದರೆ ಐದರೊಳಗಿನ ಮಕ್ಕಳಿಗೆ ಅವುಗಳಿಗಿಂತ ಆ ಬಕೀಟೇ ಹೆಚ್ಚು ಸುಖ ಕೊಟ್ಟಿತು ಎಂದು ಖಚಿತವಾಗಿ ಹೇಳಬಲ್ಲೆ. ಬೆಳಗ್ಗೆ ಹಿಮ ಪುಡಿಪುಡಿಯಾಗಿ, ಒಣಗಿದ್ದು, ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಿಂದ ಉದುರಿಹೋಗುತ್ತದೆ. ಮಗಳಿಗೆ ಮೊದಮೊದಲು ನಿರಾಸೆಯೇ ಆಯಿತು. ಸೂರ್ಯ ಮೇಲೇರಿ ಉಷ್ಣಾಂಶ ಸೊನ್ನೆಯ ಹತ್ತಿರ ಬಂದಾಗ ಹಿಮದ ಮೇಲ್ಪದರ ಚೂರು ಕರಗಿ ಅಂಟುಗುಣ ಬರುತ್ತದೆ. ಆಗ ಬಕೀಟಿನಲ್ಲಿ ಒತ್ತಿ ತುಂಬಿ ತಲೆಕೆಳಗು ಮಾಡಿದರೆ ಗೋಪುರ ನಿಲ್ಲುತ್ತದೆ, ಉಂಡೆ ಉರುಳಿಸಿದಷ್ಟೂ ದೊಡ್ಡದಾಗುತ್ತದೆ. ಬೆಳಗ್ಗೆ ಜಾರಾಟ, ಮಧ್ಯಾಹ್ನ ಹಿಮದ ಬೊಂಬೆ ಎಂದು ಹೊತ್ತನ್ನು ಹಂಚಿಕೊಂಡರೆ ಮಕ್ಕಳಿಗೆ ನಿರಾಸೆಯಾಗುವುದಿಲ್ಲ. ಮಗ ಬೊಂಬೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ಮುಟ್ಟದ ಹಿಮದ ಮೇಲೆ ಹೆಜ್ಜೆಯಿಟ್ಟು, ಹಿಂದಕ್ಕೆ ತಿರುಗಿ ತನ್ನ ಬೂಟಿನ ಗುರುತನ್ನು ನೋಡಿ, ಮತ್ತೆ ಇನ್ನೊಂದು ಹೆಜ್ಜೆಯಿಟ್ಟು ತಿರುಗಿ ನೋಡುವುದೇ ಅವನ ಆಟ. ಬೂಟಿನ ಅಟ್ಟೆಯಲ್ಲಿದ್ದ ಗೀರುಗಳು ಹಿಮದಲ್ಲಿ ಹಪ್ಪಳದ ಅಚ್ಚಿನಷ್ಟು ಸ್ಪಷ್ಟವಾಗಿ ಮೂಡುತ್ತಿದ್ದವು.

ಸ್ಥಳದ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಸೋಲಂಗಿನ ಮುಖ್ಯ ಇಳಿಜಾರಿನಲ್ಲಿ ಸ್ಕೀಯಿಂಗ್ ಕಲಿಯುವವರು, ಸ್ಕೂಟರುಗಳು, ಜಾರುವ ಟ್ಯೂಬುಗಳು ಎಲ್ಲವೂ ಒಂದೇ ಕಡೆ ನೆರೆದಿರುತ್ತವೆ. ಮೇಲಿನಿಂದ ಬರುವವರಿಗೆ ತಗ್ಗಿನಲ್ಲಿ ಕೂತ ಪುಟ್ಟ ಮಗು ಕಾಣುವುದಿಲ್ಲ. ಇಳಿಜಾರಿನ ಬುಡದಲ್ಲಿ ಮಕ್ಕಳನ್ನು ಆಡಲು ಬಿಡಬಾರದು. ಸ್ವಲ್ಪ ನಡೆದು, ಮರಗಳ ಸಾಲಿನ ಕಡೆಗಿರುವ ಸಮತಟ್ಟಾದ ಜಾಗವನ್ನು ಹುಡುಕಿಕೊಂಡರೆ ಶುಭ್ರವಾದ ಹಿಮವೂ ಸಿಗುತ್ತದೆ, ಸದ್ದೂ ಇರುವುದಿಲ್ಲ. ಹೊಸ ಹಿಮ ಬಿದ್ದ ದಿನ ಸಾಮಾನ್ಯ ಕಾರುಗಳನ್ನು ನೆಹರೂ ಕುಂಡದ ಬಳಿಯೇ ತಡೆದು ಮುಂದಕ್ಕೆ ನಾಲ್ಕೂ ಚಕ್ರ ಎಳೆಯುವ ಗಾಡಿಗಳನ್ನು ಮಾತ್ರ ಬಿಡುವುದುಂಟು, ಆಗ ಗಾಡಿ ಬದಲಾಯಿಸುವ ಗಡಿಬಿಡಿಯಲ್ಲಿ ಮಕ್ಕಳ ಸಾಮಾನು ಒಂದೇ ಚೀಲದಲ್ಲಿದ್ದರೆ ಅನುಕೂಲ. 2020ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವನ್ನು ದಾಟಿ ಲಾಹೌಲಿನ ಕಡೆಗೂ ಹೋಗಬಹುದು; ಹಿಮ ಅಲ್ಲಿ ಇನ್ನೂ ಹೆಚ್ಚು. ಆದರೆ ಆ ಎತ್ತರ 3,000 ಮೀಟರನ್ನು ದಾಟುತ್ತದೆ, ಗಾಳಿಯೂ ಕೊರೆಯುತ್ತದೆ. ತಲೆನೋವು, ವಾಕರಿಕೆ ಎಂದು ಹೇಳಲು ಬಾರದ ಮಗು ಸುಮ್ಮನೆ ಹಟ ಮಾಡುತ್ತದೆ, ಊಟ ಬೇಡವೆನ್ನುತ್ತದೆ. ಅದನ್ನು ಆಯಾಸವೆಂದು ತಳ್ಳಿಹಾಕದೆ ಕೆಳಗಿಳಿಸಬೇಕು. ಮನಾಲಿಗೆ ತಲುಪಿದ ಮರುದಿನವೇ ಮೇಲಕ್ಕೆ ಓಡದೆ, ಮೊದಲು ಊರಿನಲ್ಲೇ ಒಂದು ದಿನ ತಂಗಿ ಹೋಗುವುದು ಮಕ್ಕಳಿಗೆ ಹಿತ.

ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಹೊತ್ತು ತಿರುಗುವವರನ್ನೂ ಅಲ್ಲಿ ನೋಡಿದೆ. ಹೊತ್ತವರು ನಡೆದು ಬೆವರುತ್ತಾರೆ, ಒಳಗಿನ ಕೂಸು ಅಲ್ಲಾಡದೆ ಕೂತಿರುತ್ತದೆ; ಹೊತ್ತವರಿಗೆ ಸೆಕೆಯಾಗುವ ಹೊತ್ತಿಗೆ ಕೂಸಿನ ಇಳಿಬಿಟ್ಟ ಕಾಲು ತಣ್ಣಗಾಗಿರುತ್ತದೆ. ಕೈ ಬೆರಳು ಮುಟ್ಟಿ ಚಳಿಯನ್ನು ಅಂದಾಜು ಮಾಡುವುದಕ್ಕಿಂತ ಕತ್ತಿನ ಹಿಂಭಾಗಕ್ಕೆ ಎರಡು ಬೆರಳು ತೂರಿಸಿ ನೋಡುವುದು ಸರಿಯಾದ ಕ್ರಮ. ಬೆಚ್ಚಗೆ, ಒಣಗಿದ್ದರೆ ಸರಿ. ಬೆವೆತಿದ್ದರೆ ಒಂದು ಪದರ ಕಡಿಮೆ ಮಾಡಬೇಕು, ತಣ್ಣಗಿದ್ದರೆ ಒಳಗೆ ಕರೆದೊಯ್ಯಬೇಕು.

ಆಟದ ನಡುವೆ ಹೊಟ್ಟೆಗೆ ಕೊಡುವುದನ್ನು ಮರೆಯಬಾರದು, ಏಕೆಂದರೆ ಚಳಿಯಲ್ಲಿ ಮೈ ಬೆಚ್ಚಗಿರಲು ಮಗುವಿಗೆ ಹೆಚ್ಚು ಶಕ್ತಿ ಬೇಕು. ಫ್ಲಾಸ್ಕಿನಲ್ಲಿ ಒಯ್ದಿದ್ದ ಬೆಲ್ಲ ಹಾಕಿದ ರಾಗಿ ಗಂಜಿ, ಪಾವಗಡದ ಕಡಲೆಕಾಯಿಯಿಂದ ಮನೆಯಲ್ಲಿ ಮಾಡಿದ ಚಿಕ್ಕಿ ಇವೆರಡೂ ಅಲ್ಲಿ ಬಿಸಿ ಮ್ಯಾಗಿಗಿಂತ ಮೊದಲು ಖಾಲಿಯಾದವು. ನೀರನ್ನೂ ಕೇಳಿ ಕೇಳಿ ಕುಡಿಸಬೇಕು. ಚಳಿಯ ಒಣಹವೆಯಲ್ಲಿ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ, ಗೊತ್ತಾದಾಗ ಮಕ್ಕಳು ಹಿಮವನ್ನೇ ತಿನ್ನಲು ಹೊರಡುತ್ತಾರೆ, ಜನ ಮತ್ತು ಕುದುರೆಗಳು ಓಡಾಡಿದ ಜಾಗದ ಹಿಮವಂತೂ ಬಾಯಿಗೆ ತಕ್ಕದ್ದಲ್ಲ.

ಹೋಟೆಲಿಗೆ ಮರಳಿದ ಮೇಲೆ ಬೂಟಿನ ಒಳ ಅಟ್ಟೆಯನ್ನು ಹೊರತೆಗೆದು, ಒಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುಂಬಿ, ಹೀಟರಿನಿಂದ ಒಂದು ಮಾರು ದೂರದಲ್ಲಿಟ್ಟೆವು. ಮಲಗುವ ಮೊದಲು ಒಮ್ಮೆ ಹಾಳೆ ಬದಲಾಯಿಸಿದರೆ ಬೆಳಗ್ಗೆ ಪೂರ್ತಿ ಒಣಗಿರುತ್ತಿತ್ತು. ಹೀಟರಿಗೆ ತೀರ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಮಿಟನ್‌ಗಳನ್ನು ಬಾಯಿ ಕೆಳಗಾಗಿ ನೀರಿನ ಬಾಟಲಿಗಳ ಕುತ್ತಿಗೆಗೆ ಸಿಕ್ಕಿಸಿ ಒಣಗಿಸಿದೆವು.

ಮಕ್ಕಳ ಪಾದ ವರ್ಷಕ್ಕೊಂದು ಅಳತೆ ಬೆಳೆಯುತ್ತದೆ, ಒಂದು ಪ್ರವಾಸಕ್ಕೆಂದು ಬೂಟು ಕೊಳ್ಳುವುದು ದುಂದು ಎಂಬ ಆಕ್ಷೇಪ ನ್ಯಾಯವಾದದ್ದೇ. ಬೆಚ್ಚನೆಯ ಅಸ್ತರಿಯಿರುವ ಆ ಬೂಟನ್ನು ತುಮಕೂರಿನ ಮಳೆಗಾಲದಲ್ಲಿ ಹಾಕಿಸಲು ಸಾಧ್ಯವಿಲ್ಲ, ಕಾಲು ಬೆವೆತುಹೋಗುತ್ತದೆ. ಥರ್ಮಲ್ ಮತ್ತು ಫ್ಲೀಸು ಮಾತ್ರ ಮಾರ್ಗಶಿರ, ಪುಷ್ಯದ ಬೆಳಗ್ಗೆ ಶಾಲೆಯ ವ್ಯಾನಿಗೆ ಕಾಯುವಾಗ ಒದಗುತ್ತವೆ. ಬೂಟಿಗೆ ನಾವು ಕಂಡುಕೊಂಡ ದಾರಿಯೆಂದರೆ ಹಂಚಿಕೊಳ್ಳುವುದು. ಮಗಳ ಬೂಟು ಮುಂದೆ ಮಗನಿಗೆ ಬರುತ್ತದೆ; ಮಗನದನ್ನು ಮಿಟನ್‌ಗಳ ಸಮೇತ ತುಮಕೂರಿನ ಬಟವಾಡಿಯಲ್ಲಿರುವ ಸಂಬಂಧಿಕರು ಡಿಸೆಂಬರಿನ ಪ್ರವಾಸಕ್ಕೆಂದು ಒಯ್ದಿದ್ದಾರೆ, ಅವರ ನಂತರ ಅದು ತಿಪಟೂರಿನ ಆ ಸ್ನೇಹಿತರ ಚಿಕ್ಕ ಮಗುವಿಗೆ ಹೋಗುವುದೆಂದು ಮಾತಾಗಿದೆ. ದೊಡ್ಡ ಹುಡುಗನಿಗೆ ಈ ಬಾರಿ ಹೊಸ ಬೂಟನ್ನೇ ಕೊಳ್ಳುವುದಾಗಿ ಅವರು ನಿರ್ಧರಿಸಿದ್ದಾರೆ, ಅಳತೆ ನೋಡಲು ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಂಗಡಿಗೆ ಹೋಗಿ ಎಂದು ನಾನು ಹೇಳಿದ್ದೇನೆ.